ಜಾರವಾಗಳನ್ನು ನಿಮ್ಮ ಪ್ಯಾಕೇಜಿನಿಂದ ತೆಗೆಯಿರಿ

ತುಮಕೂರು ಜಿಲ್ಲೆಯ ಪ್ರವಾಸ ಆಯೋಜಕರಿಗೆ ಮತ್ತು ಅವರ ಜೊತೆ ಅಂಡಮಾನಿಗೆ ಹೊರಡಲಿರುವ ನಮ್ಮ ಜಿಲ್ಲೆಯ ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಿಮ್ಮಲ್ಲಿ ಕೆಲವರು ನನ್ನ ವಿದ್ಯಾರ್ಥಿಗಳೇ ಇರಬಹುದು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ಮೊದಲೆಲ್ಲ ಪ್ರವಾಸ ಅಂದರೆ ನಮ್ಮ ಕಡೆಯವರಿಗೆ ಧರ್ಮಸ್ಥಳ, ಕುಕ್ಕೆ, ಹೊರನಾಡು. ಜಾಸ್ತಿ ಅಂದರೆ ತಿರುಪತಿ. ಈಗ ತಿಪಟೂರಿನ ತೆಂಗಿನ ತೋಟದವರೂ, ಪಾವಗಡದ ಅಂಗನವಾಡಿ ಮೇಡಂಗಳೂ ಬೆಂಗಳೂರಿನಲ್ಲಿ ವಿಮಾನ ಹತ್ತಿ ಪೋರ್ಟ್ ಬ್ಲೇರ್‌ನಲ್ಲಿ ಇಳಿಯುತ್ತಿದ್ದಾರೆ. ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಆಗಿದೆ, ಆದರೂ ನಮ್ಮವರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ. ಜನ ಇಷ್ಟು ದೂರ ಹೋಗುವಂತಾಗಿದ್ದು ನಿಮ್ಮಿಂದ. ವಯಸ್ಸಾದವರನ್ನು ಕೈಹಿಡಿದು ದೋಣಿ ಹತ್ತಿಸಿ, ಸಮುದ್ರದ ನಡುವೆಯೂ ಬಿಸಿ ಅನ್ನ ಸಾರು ಸಿಗುವಂತೆ ಮಾಡುತ್ತೀರಿ. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರುವುದು ಕರಪತ್ರದ ಒಂದು ಸಾಲಿನ ಬಗ್ಗೆ. ನಾನೂ ನನ್ನ ಮನೆಯವರೂ ಹೋದ ತಂಡದ ಕರಪತ್ರದಲ್ಲಿ ಹೀಗಿತ್ತು: "ಬಾರಾಟಾಂಗ್: ಸುಣ್ಣದಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ, ದಾರಿಯಲ್ಲಿ ಆದಿವಾಸಿಗಳ ದರ್ಶನ." ದೇವರ ದರ್ಶನ ಕೇಳಿದ್ದೇವೆ. ಇದೇನಿದು? ಯಾವ ಸಂಸ್ಥೆ ಎಂದು ಇಲ್ಲಿ ಹೇಳುವುದಿಲ್ಲ. ಅದೊಂದರದ್ದೇ ತಪ್ಪಾಗಿದ್ದರೆ ಅವರ ಆಫೀಸಿಗೇ ಹೋಗಿ ಮಾತಾಡುತ್ತಿದ್ದೆ.

ಬಾರಾಟಾಂಗ್ ದ್ವೀಪಕ್ಕೆ ಹೋಗುವ ರಸ್ತೆ ಅಂಡಮಾನ್ ಟ್ರಂಕ್ ರೋಡ್. ಜಿರ್ಕಾಟಾಂಗ್ ಎಂಬಲ್ಲಿ ಪೊಲೀಸ್ ಗೇಟು ಇದೆ. ಅಲ್ಲಿಂದ ಫೆರ್ರಿ ಹತ್ತುವ ಮಿಡಲ್ ಸ್ಟ್ರೈಟ್‌ವರೆಗೆ ಸುಮಾರು 49 ಕಿಲೋಮೀಟರ್, ಜಾರವಾ ಎಂಬ ಆದಿವಾಸಿಗಳ ಮೀಸಲು ಅರಣ್ಯದ ಒಳಗೇ ಹೋಗುತ್ತದೆ. ನಿಗದಿತ ಸಮಯಕ್ಕೆ ಗೇಟು ತೆಗೆದು, ವಾಹನಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ. ಫೋಟೊ ತೆಗೆಯುವಂತಿಲ್ಲ. ತಿಂಡಿ ಕೊಡುವಂತಿಲ್ಲ. ಗೇಟಿನ ಬಳಿ ಇದನ್ನೆಲ್ಲ ದೊಡ್ಡ ಬೋರ್ಡಿನಲ್ಲಿ ಬರೆದಿದ್ದಾರೆ. ನಮ್ಮ ಬಸ್ಸಿನವರು ಆ ಬೋರ್ಡಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು.

ಒಳಗೆ ಹೋದ ಸ್ವಲ್ಪ ಹೊತ್ತಿಗೇ ಬಸ್ಸಿನ ವಾತಾವರಣ ಬದಲಾಯಿತು. ಅಂತ್ಯಾಕ್ಷರಿ ನಿಂತಿತು. ಎಲ್ಲರೂ ಕಿಟಕಿಗೆ ಮುಖ ಹಚ್ಚಿದರು. ಮ್ಯಾನೇಜರ್ ಮೈಕ್ ಹಿಡಿದು "ಲಕ್ ಇದ್ರೆ ಕಾಣಿಸ್ತಾರೆ, ಲಕ್ ಇದ್ರೆ" ಅನ್ನುತ್ತಿದ್ದರು. ಬಂಡೀಪುರದ ಸಫಾರಿಯಲ್ಲಿ ಹುಲಿಗೆ ಕಾಯುವಾಗ ಇರುತ್ತಲ್ಲ, ಅದೇ ಪಿಸುಮಾತು, ಅದೇ ಉಸಿರು ಬಿಗಿಹಿಡಿಯುವುದು.

ಒಂದು ತಿರುವಿನಲ್ಲಿ ಕಂಡರು. ಇಬ್ಬರು ಹುಡುಗರು, ಅವರ ಹಿಂದೆ ಒಬ್ಬ ಹೆಂಗಸು. ದೊಡ್ಡ ಹುಡುಗನ ಕೈಯಲ್ಲಿ ಅವನಿಗಿಂತ ಎತ್ತರದ ಬಿಲ್ಲು. ಸೊಂಟಕ್ಕೆ ಕೆಂಪು ನೂಲಿನ ಗೊಂಚಲು. ಅವನು ನಮ್ಮನ್ನು ನೋಡಲೂ ಇಲ್ಲ. ಬಾಣದ ತುದಿಯನ್ನು ಬೆರಳಿನಿಂದ ತಿರುಗಿಸುತ್ತಾ ಅದು ನೆಟ್ಟಗಿದೆಯಾ ಅಂತ ಕಣ್ಣಳತೆಯಲ್ಲಿ ನೋಡುತ್ತಿದ್ದ. ಇಡೀ ಬಸ್ಸು ಎಡಕ್ಕೆ ವಾಲಿತು. "ಎಡಗಡೆ, ಎಡಗಡೆ ನೋಡಿ!" ಎಂದು ಮೈಕ್ ಕೂಗಿತು. ಮೊಬೈಲುಗಳು ಮೇಲೆದ್ದವು. ಹಿಂದಿನ ಸೀಟಿನ ಯಾರೋ ಗಾಜು ಸರಿಸಿ ಬಿಸ್ಕತ್ ಪೊಟ್ಟಣ ಎಸೆದರು. ಇನ್ಯಾರೋ ಸಿಳ್ಳೆ ಹಾಕಿದರು. ಬೇಡ ಅಂದ ನನಗೆ "ಸುಮ್ನಿರಿ ಮೇಷ್ಟ್ರೇ, ಪಾಪ, ತಿನ್ನಲಿ" ಎಂಬ ಉತ್ತರ ಸಿಕ್ಕಿತು.

ಆಮೇಲೆ ನಮ್ಮ ತಂಡದ ಒಬ್ಬ ಪುಟ್ಟ ಹುಡುಗ ಕೇಳಿದ, "ಅಂಕಲ್, ಅವ್ರು ಮನುಷ್ಯರನ್ನ ತಿಂತಾರಾ?" ಮ್ಯಾನೇಜರ್ ಮೈಕಿನಲ್ಲೇ ಹೇಳಿದರು, "ಹೌದು ಪುಟ್ಟ, ಅದಕ್ಕೇ ಕಿಟಕಿ ತೆಗೀಬಾರ್ದು." ಬಸ್ಸೆಲ್ಲ ನಕ್ಕಿತು.

ಬಿಸ್ಕತ್ತಿಗಿಂತ ಆ ಉತ್ತರವೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿತು. ಎಸೆದವರಿಗೆ ಗೊತ್ತಿರಲಿಲ್ಲ. ಆದರೆ ಮೈಕ್ ಹಿಡಿದವರಿಗೆ ಗೊತ್ತಿರಬೇಕು, ಅಲ್ವಾ? ಹಣ ಕೊಟ್ಟು ಬಂದ ಜನಕ್ಕೆ ಆ ನೆಲದ ಕಥೆ ಹೇಳುವ ಜವಾಬ್ದಾರಿ ನಿಮ್ಮದು. ಆದ್ದರಿಂದ ಮುಂದಿನ ಸಲ ಯಾವುದಾದರೂ ಮಗು ಕೇಳಿದರೆ ಏನು ಹೇಳಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಂಡಮಾನಿನವರು ನರಭಕ್ಷಕರು ಎಂಬುದು ಬಹಳ ಹಳೆಯ ಗಾಳಿಸುದ್ದಿ. ಅವರಿಗೆ ನಾಯಿ ತಲೆ ಇದೆ, ಮನುಷ್ಯರನ್ನು ತಿನ್ನುತ್ತಾರೆ ಎಂದು 13ನೇ ಶತಮಾನದ ಮಾರ್ಕೊ ಪೋಲೊ ಹೇಳಿದ್ದ. ನಾಯಿ ತಲೆಯನ್ನು ಯಾರೂ ಈಗ ನಂಬುವುದಿಲ್ಲ, ಉಳಿದರ್ಧವನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡಿದ್ದೇವೆ. ಅದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಹೊರಗಿನವರನ್ನು ಹತ್ತಿರ ಬಿಡದ ಸೆಂಟಿನೆಲಿ ಎಂಬ ಬುಡಕಟ್ಟು ಇರುವ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದಲ್ಲಿ 2006ರಲ್ಲಿ ಇಬ್ಬರು ಮೀನುಗಾರರು ಅವರ ಕೈಯಲ್ಲಿ ಸತ್ತಾಗ ಆ ದೇಹಗಳನ್ನು ಅಲ್ಲಿನವರು ಮರಳಿನಲ್ಲಿ ಹೂತಿದ್ದರು. ಅದನ್ನು ಕಂಡವರು ಹೆಲಿಕಾಪ್ಟರಿನಲ್ಲಿ ಹೋದ ಕೋಸ್ಟ್ ಗಾರ್ಡಿನವರು.

ಹಾಗಾದರೆ ಹೊರಗಿನವರನ್ನು ಕಂಡರೆ ಬಾಣ ಯಾಕೆ ಬಿಡುತ್ತಾರೆ? 1880ರಲ್ಲಿ ಮಾರಿಸ್ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ದಂಡು ಕಟ್ಟಿಕೊಂಡು ಸೆಂಟಿನೆಲ್‌ಗೆ ಇಳಿದ. ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನು ಹಿಡಿದು ಪೋರ್ಟ್ ಬ್ಲೇರ್‌ಗೆ ತಂದ. ಎಲ್ಲರಿಗೂ ಕಾಯಿಲೆ ಬಂತು. ಮುದುಕ, ಮುದುಕಿ ಸತ್ತರು. ಮಕ್ಕಳಿಗೆ ಒಂದಿಷ್ಟು ಸಾಮಾನು ಕೊಟ್ಟು ವಾಪಸ್ ದ್ವೀಪಕ್ಕೆ ಬಿಟ್ಟು ಬಂದ. ಆ ಮಕ್ಕಳು ಯಾವ ರೋಗ ಹೊತ್ತು ಹೋದರೋ, ಏನು ಕಥೆ ಹೇಳಿದರೋ. ನಮ್ಮ ಊರಿಗೆ ಯಾರಾದರೂ ಬಂದು ಹೀಗೆ ಮಾಡಿದ್ದರೆ ನಾವು ಬಾಗಿಲಿಗೆ ರಂಗೋಲಿ ಹಾಕಿ ಕಾಯುತ್ತಿದ್ದೆವಾ? ಆದರೂ 1991ರ ಜನವರಿಯಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಎಂಬ ಮಾನವಶಾಸ್ತ್ರಜ್ಞೆ ಇದ್ದ ತಂಡ ನೀರಿನಲ್ಲಿ ತೇಲಿಬಿಟ್ಟ ತೆಂಗಿನಕಾಯಿಗಳನ್ನು ಇದೇ ಜನ ಬಂದು ಎತ್ತಿಕೊಂಡರು, ಕೈಯಿಂದ ಕೈಗೂ ತೆಗೆದುಕೊಂಡರು. ರೋಗದ ಭಯ ಇತ್ತು. ಹಾಗಾಗಿ ಕೆಲವು ವರ್ಷಗಳಲ್ಲಿ ಸರ್ಕಾರವೇ ಇಂಥ ಭೇಟಿಗಳನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು.

ಇದು ಸೆಂಟಿನೆಲಿಗಳ ಮಾತು. ಬಸ್ಸಿನಲ್ಲಿ ನಾವು ಕಂಡವರು ಜಾರವಾಗಳು. ಅವರು ತಮ್ಮನ್ನು ಅಂಗ್ ಎಂದು ಕರೆದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ನಮ್ಮ ಜಿಲ್ಲೆಯ ಒಂದು ಸಣ್ಣ ಹಳ್ಳಿಯಷ್ಟೂ ಇಲ್ಲ. 1970ರ ದಶಕದಲ್ಲಿ ಈ ರಸ್ತೆಯ ಕೆಲಸ ನಡೆಯುವಾಗ ಬಾಣ ಬಿಟ್ಟು ವಿರೋಧಿಸಿದರು. ಆದರೂ ರಸ್ತೆ ಆಯಿತು. 1996ರಲ್ಲಿ ಕದಮ್‌ತಲಾ ಊರಿನ ಬಳಿ ಕಾಲು ಮುರಿದುಕೊಂಡು ಬಿದ್ದಿದ್ದ ಒಬ್ಬ ಜಾರವಾ ಹುಡುಗನನ್ನು ಪೋರ್ಟ್ ಬ್ಲೇರ್ ಆಸ್ಪತ್ರೆಗೆ ಸೇರಿಸಿ ಗುಣಪಡಿಸಿ ಕಳಿಸಿದರು. ಮಾರನೇ ವರ್ಷ ಜಾರವಾಗಳು ಮೊದಲ ಸಲ ಬಿಲ್ಲು ಬಾಣ ಹಿಡಿಯದೆ ಕಾಡಿನಿಂದ ಹೊರಗೆ ಬಂದರು. ನಂಬಿ ಬಂದವರು. 1999ರಲ್ಲಿ ಅವರಲ್ಲಿ ದಡಾರ ಹರಡಿತು. ನಮ್ಮ ಮಕ್ಕಳಿಗೆ ಲಸಿಕೆಯಿಂದ ತಡೆಯಬಹುದಾದ ಕಾಯಿಲೆ, ತಲೆತಲಾಂತರದಿಂದ ಅದನ್ನು ಕಾಣದ ಜನಕ್ಕೆ ಕುಲವನ್ನೇ ಅಳಿಸುವಂಥದ್ದು. ಬಸ್ಸಿನಿಂದ ಎಸೆದ ಬಿಸ್ಕತ್ತಿನ ಮೇಲೆ ಎಸೆದವರ ಕೆಮ್ಮು, ನೆಗಡಿಯೂ ಇರುತ್ತದೆ ಎಂದು ನಾನು ಗಾಬರಿಯಾಗಿದ್ದು ಅದಕ್ಕೇ.

ಕಾನೂನೂ ನಮ್ಮ ಕಡೆ ಇಲ್ಲ. 1956ರಿಂದಲೇ ಅಲ್ಲಿನ ಬುಡಕಟ್ಟುಗಳ ರಕ್ಷಣೆಗೆ ನಿಯಮಾವಳಿ ಇದೆ. 2012ರಲ್ಲಿ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿದರು, ಜೈಲೂ ಆಗಬಹುದು. ಆ ವರ್ಷದ ಶುರುವಿನಲ್ಲಿ ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೊ ಹೊರಬಂದು ದೇಶ ತಲೆತಗ್ಗಿಸಿತ್ತು. ಈ ರಸ್ತೆಯನ್ನು ಜಾರವಾ ಪ್ರದೇಶದಲ್ಲಿ ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. 2013ರಲ್ಲಿ ಕೆಲವು ವಾರ ಪ್ರವಾಸಿಗರನ್ನು ತಡೆದೂ ಇತ್ತು. ರಸ್ತೆ ಇನ್ನೂ ತೆರೆದೇ ಇದೆ. ಅಲ್ಲಿನ ಊರುಗಳ ಜನಕ್ಕೆ ಆಸ್ಪತ್ರೆ, ಸಂತೆಗೆ ಅದೇ ದಾರಿ, ಆ ಕಷ್ಟ ನನಗೆ ಅರ್ಥವಾಗುತ್ತದೆ. ನಮಗೆ ಯಾವ ಕಷ್ಟ?

ರಾತ್ರಿ ಊಟದ ಹೊತ್ತಿಗೆ ಹೋಟೆಲಿನಲ್ಲಿ ಇದೇ ಚರ್ಚೆ. "ಎಷ್ಟು ದಿನ ಹೀಗೆ ಇರ್ತಾರೆ ಸಾರ್? ಬಟ್ಟೆ ಕೊಟ್ಟು, ಶಾಲೆಗೆ ಹಾಕಿ ಮುಖ್ಯವಾಹಿನಿಗೆ ತರಬೇಕು" ಎಂದರು ಒಬ್ಬರು. ಒಳ್ಳೆಯ ಮನಸ್ಸಿನವರೇ. ಈ ಪ್ರಯೋಗ ಒಮ್ಮೆ ಆಗಿ ಹೋಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

1857ರ ದಂಗೆಯ ಕೈದಿಗಳನ್ನು ಇಡಲು ಬ್ರಿಟಿಷರು 1858ರಲ್ಲಿ ಪೋರ್ಟ್ ಬ್ಲೇರ್ ಬಳಿ ಕೈದಿಗಳ ವಸಾಹತು ಕಟ್ಟಿದರು. ಸುತ್ತ ಇದ್ದವರು ಗ್ರೇಟ್ ಅಂಡಮಾನೀಸ್ ಜನ, ಹತ್ತು ಪಂಗಡ, ಸುಮಾರು ಐದು ಸಾವಿರ ಇದ್ದಿರಬಹುದು ಎಂಬ ಅಂದಾಜು. ತಮ್ಮ ಕಾಡು ಕಡಿಯುವುದನ್ನು ನೋಡಿ 1859ರ ಮೇ ತಿಂಗಳಲ್ಲಿ ಅವರು ಬಿಲ್ಲು ಬಾಣ ಹಿಡಿದು ಮುತ್ತಿಗೆ ಹಾಕಿದರು. ಇದೇ ಅಬರ್ಡೀನ್ ಕದನ. ದೂಧನಾಥ್ ತಿವಾರಿ ಎಂಬ ಕೈದಿ ತಪ್ಪಿಸಿಕೊಂಡು ಹೋಗಿ ಅವರ ನಡುವೆಯೇ ಬಾಳುತ್ತಿದ್ದ, ಅಲ್ಲೇ ಮದುವೆಯೂ ಆಗಿದ್ದ. ದಾಳಿಯ ಸುದ್ದಿಯನ್ನು ಮುಂಚೆಯೇ ಬ್ರಿಟಿಷರಿಗೆ ತಲುಪಿಸಿದವನು ಅವನೇ. ಅವನಿಗೆ ಕ್ಷಮಾದಾನ ಸಿಕ್ಕಿತು. ಇವರಿಗೆ ಗುಂಡೇಟು. ಆಮೇಲೆ "ನಾಗರಿಕರನ್ನಾಗಿ ಮಾಡಲು" ಅಂಡಮಾನ್ ಹೋಮ್ ಎಂಬ ಮನೆಗಳನ್ನು ತೆರೆದು ಊಟ, ಬಟ್ಟೆ, ಪಾಠ ಶುರು ಮಾಡಿದರು. ಅಲ್ಲಿಂದ ಸಿಫಿಲಿಸ್ ಹಬ್ಬಿತು. 1877ರಲ್ಲಿ ದಡಾರ ಬಂತು. ಆ ಮನೆಗಳಲ್ಲಿ ಹುಟ್ಟಿದ 150 ಮಕ್ಕಳಲ್ಲಿ ಒಂದೂ ಎರಡು ವರ್ಷ ದಾಟಲಿಲ್ಲ ಎಂಬುದು ದಾಖಲೆ. 1901ರ ಜನಗಣತಿಯಲ್ಲಿ ಅವರು 625. 1931ರಲ್ಲಿ 90. 1961ರಲ್ಲಿ 19. ಬೋ ಪಂಗಡದ ಭಾಷೆ ಬಲ್ಲ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರ ಜನವರಿ 26ರಂದು ತೀರಿಕೊಂಡರು. ನಾವಿಲ್ಲಿ ಧ್ವಜ ಹಾರಿಸಿ ಮಕ್ಕಳಿಗೆ ಬೂಂದಿ ಹಂಚಿದ ದಿನ.

ಹೇಳದೇ ಇರಲಾರದ ಇನ್ನೊಂದು ಮಾತು ಇದೆ. ಆ ಜನಕ್ಕೆ ನಡೆ, ನುಡಿ, ಕಟ್ಟುಪಾಡು ಎಲ್ಲ ಇತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಎಂಬ ವಿದ್ವಾಂಸ ಅಲ್ಲಿದ್ದು ಬರೆದಿಟ್ಟದ್ದರಿಂದ ಎಷ್ಟೋ ಸಂಗತಿ ತಿಳಿಯುತ್ತವೆ. ತುಂಬಾ ದಿನದ ಮೇಲೆ ಇಬ್ಬರು ನೆಂಟರು ಭೇಟಿಯಾದರೆ ಮೊದಲು ಮಾತಿರಲಿಲ್ಲ. ಒಬ್ಬರ ಕೊರಳಿಗೆ ಒಬ್ಬರು ಕೈ ಹಾಕಿ ಕೂತು ಜೋರಾಗಿ ಅಳುತ್ತಿದ್ದರು. ಅತ್ತು ಮುಗಿಸಿ ಆಮೇಲೆ ಸುದ್ದಿ. ಹೆಣ್ಣುಮಗಳು ದೊಡ್ಡವಳಾದಾಗ ಆ ಹೊತ್ತಿಗೆ ಕಾಡಿನಲ್ಲಿ ಯಾವ ಗಿಡ ಹೂ ಬಿಟ್ಟಿರುತ್ತದೋ ಅದರ ಹೆಸರು ಅವಳಿಗೆ ಸಿಗುತ್ತಿತ್ತು. ಸ್ವಲ್ಪ ಬೆಳೆದ ಮಕ್ಕಳನ್ನು ಬೇರೆ ಗುಂಪಿನ ಸ್ನೇಹಿತರು ಪ್ರೀತಿಯಿಂದ ಕೇಳಿ ಸಾಕಿಕೊಳ್ಳುತ್ತಿದ್ದರು, ಹೆತ್ತವರು ಇಲ್ಲ ಅನ್ನುವಂತಿರಲಿಲ್ಲ. ಮನೆಯಲ್ಲಿ ಸಾವಾದರೆ ಆ ಜಾಗ ಬಿಟ್ಟು ಹೊರಡುತ್ತಿದ್ದರು, ಬರುವವರಿಗೆ ತಿಳಿಯಲೆಂದು ದಾರಿಯಲ್ಲಿ ಎಲೆಯ ಕುಚ್ಚು ಕಟ್ಟಿರುತ್ತಿದ್ದರು. ಸೂತಕ ಕಳೆಯುವ ತನಕ ಸತ್ತವರ ಹೆಸರು ಎತ್ತುತ್ತಿರಲಿಲ್ಲ. ಬೆಂಕಿಯನ್ನು ಆರಲು ಬಿಡದೆ, ಜಾಗ ಬದಲಿಸುವಾಗ ಕೆಂಡವನ್ನೂ ಜೊತೆಗೆ ಒಯ್ಯುತ್ತಿದ್ದರು.

ಲಿಟ್ಲ್ ಅಂಡಮಾನ್ ದ್ವೀಪದ ಓಂಗೆ ಎಂಬ ಬುಡಕಟ್ಟಿನವರು ಜೇನು ಕೀಳುವ ರೀತಿ ನಮ್ಮ ಜೇನು ಕುರುಬರಿಗೂ ಕುತೂಹಲ ಹುಟ್ಟಿಸೀತು. ಒಂದು ಗಿಡದ ಎಲೆ ಅಗಿದು ರಸವನ್ನು ಮೈಗೆ ಬಳಿದುಕೊಳ್ಳುತ್ತಾರೆ, ಗೂಡಿನ ಕಡೆಗೂ ಉಗಿಯುತ್ತಾರೆ. ಆ ವಾಸನೆಗೆ ಹುಳು ದೂರ ಸರಿಯುತ್ತದೆ. ಹೊಗೆ ಇಲ್ಲ, ಹುಳು ಸಾಯುವುದೂ ಇಲ್ಲ. ಜಾರವಾಗಳು ಕಾಡುಹಂದಿ, ಉಡ ಬೇಟೆಯಾಡುತ್ತಾರೆ, ಮೀನಿಗೂ ಬಾಣವೇ. ಬೇಟೆಗೆ ಹೋಗುವಾಗ ಎದೆಗೆ ಮರದ ತೊಗಟೆಯ ಕವಚ ಸುತ್ತಿಕೊಳ್ಳುತ್ತಾರೆ, ಮೈಗೆ ಬಿಳಿ ಮಣ್ಣಿನ ಚಿತ್ತಾರ ಬರೆದುಕೊಳ್ಳುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಓಂಗೆಗಳೂ ಜಾರವಾಗಳೂ ಎತ್ತರದ ಜಾಗ ಸೇರಿ ಉಳಿದುಕೊಂಡರು. ಸೆಂಟಿನೆಲಿಗಳು ಬದುಕಿದ್ದಾರಾ ಎಂದು ನೋಡಲು ಹೋದ ಹೆಲಿಕಾಪ್ಟರಿಗೆ ಒಬ್ಬ ಬಿಲ್ಲೆತ್ತಿ ಗುರಿಯಿಟ್ಟ. ಚೆನ್ನಾಗಿದ್ದೇವೆ, ಹೋಗಿ ಅಂದ ಹಾಗಿತ್ತು.

ಇಷ್ಟೆಲ್ಲ ಇದ್ದರೂ ನಮ್ಮ ಬಸ್ಸಿನಲ್ಲಿ ಕೇಳಿಸಿದ್ದು ಒಂದೇ ಪ್ರಶ್ನೆ: ಬಟ್ಟೆ ಹಾಕಿದ್ರಾ, ಇಲ್ವಾ?

ನಮ್ಮ ತಂಡದಲ್ಲಿ ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಯವರೊಬ್ಬರು ಇದ್ದರು. ಬಸ್ಸಿನಲ್ಲಿ ಅವರು ಮೊಬೈಲ್ ಜೇಬಿನಿಂದ ತೆಗೆಯಲಿಲ್ಲ. ಫೆರ್ರಿಯಲ್ಲಿ ಪಕ್ಕ ಬಂದು ನಿಂತು ಹೇಳಿದರು, "ನಮ್ ಹಟ್ಟಿಗೂ ಕ್ಯಾಮೆರಾ ಹಿಡ್ಕೊಂಡ್ ಬರ್ತಾರೆ ಮೇಷ್ಟ್ರೇ. ಗುಡ್ಲು ತೋರಿಸಿ ಅಂತಾರೆ, ಹೆಣ್ಮಕ್ಳು ಎಲ್ಲಿ ಕೂತಿದಾರೆ ಅಂತಾರೆ. ಜುಂಜಪ್ಪನ ಪದ ಕೇಳ್ತೀವಿ, ಗಣೆ ಊದಿಸಿ ಅಂತ ಒಬ್ರೂ ಕೂರಲ್ಲ." ಮುಟ್ಟಾದ ಹೆಣ್ಣುಮಕ್ಕಳನ್ನು ಊರ ಹೊರಗೆ ಕೂರಿಸುವ ಕಟ್ಟುಪಾಡು ಹೋಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅವರೂ ಅದನ್ನೇ ಹೇಳಿದರು. ಆದರೆ ಕ್ಯಾಮೆರಾ ಬಂದಿದ್ದು ಅದನ್ನು ಬಿಡಿಸಲು ಅಲ್ಲ ಎಂಬುದು ಅವರಿಗೆ ಗೊತ್ತು.

ಈಗ ನನ್ನ ಕೋರಿಕೆಗಳು. ದೊಡ್ಡವೇನಲ್ಲ.

ಕರಪತ್ರದಿಂದ "ಆದಿವಾಸಿಗಳ ದರ್ಶನ" ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸುವ ಜಾಹೀರಾತಿನಲ್ಲೂ, ಫೋನಿನಲ್ಲಿ ಬುಕಿಂಗ್ ಮಾಡಿಸುವಾಗ ಹೇಳುವ ಮಾತಿನಲ್ಲೂ. ಆಗಬಹುದಾದರೆ ಬಾರಾಟಾಂಗ್ ಅನ್ನೇ ಕೈಬಿಡಿ. ಸುಣ್ಣದಕಲ್ಲಿನ ಗುಹೆ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆಳಗಿನ ಜಾವ ಎಬ್ಬಿಸಿ, ಇಡೀ ದಿನ ಹಾಳುಮಾಡಿ, ವಯಸ್ಸಾದವರ ಸೊಂಟ ಮುರಿದು ನೋಡುವಂಥದ್ದೇನೂ ಅಲ್ಲಿಲ್ಲ. ಆ ಮಣ್ಣಿನ ಜ್ವಾಲಾಮುಖಿಯಂತೂ, ಕ್ಷಮಿಸಿ, ನಮ್ಮ ಕೆರೆಯಂಗಳದ ಕೆಸರಿನಷ್ಟೇ ಇದೆ. ಆ ದಿನವನ್ನು ಪೋರ್ಟ್ ಬ್ಲೇರ್‌ನಲ್ಲೇ ಕಳೆಯಬಹುದು. ಸೆಲ್ಯುಲಾರ್ ಜೈಲಿನ ಧ್ವನಿ ಬೆಳಕು ನೋಡಿ ನಮ್ಮವರು ಕಣ್ಣೀರು ಹಾಕುತ್ತಾರೆ, ಹಾಕಬೇಕಾದ್ದೇ. ಅದೇ ಊರಿನಲ್ಲಿ ಅಬರ್ಡೀನ್ ಕದನದ ಸ್ಮಾರಕವೂ ಇದೆ. ಅಲ್ಲಿ ಐದು ನಿಮಿಷ ಬಸ್ ನಿಲ್ಲಿಸಿ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಮ್ಯೂಸಿಯಂ ಇದೆ, ಬಿಲ್ಲು, ಬುಟ್ಟಿ, ದೋಣಿ ಎಲ್ಲ ಅಲ್ಲೇ ಸಮಾಧಾನವಾಗಿ ನೋಡಬಹುದು. ಯಾರಿಗೂ ತೊಂದರೆಯಿಲ್ಲ.

ಬಾರಾಟಾಂಗ್ ಬಿಡಲು ಆಗುವುದೇ ಇಲ್ಲ ಅನ್ನುವವರು ಜಿರ್ಕಾಟಾಂಗ್ ಗೇಟಿಗೆ ಮುಂಚೆ ಮೊಬೈಲು, ತಿಂಡಿ ಎರಡನ್ನೂ ಬ್ಯಾಗಿಗೆ ಹಾಕಿಸಿ. ಬ್ಯಾಗನ್ನು ಮೇಲಿಡಿಸಿ. ಮೈಕ್ ಆಫ್ ಮಾಡಿ. ಯಾರಾದರೂ ಕಂಡರೆ ಕಾಣಲಿ, ಅವರ ಮನೆ ಮುಂದೆ ಅವರು ನಿಂತಿರುತ್ತಾರೆ, ಅದನ್ನು ಬಸ್ಸಿಗೆಲ್ಲ ಸಾರಬೇಕಾಗಿಲ್ಲ.

ಪ್ರವಾಸಕ್ಕೆ ಹೊರಡುವವರಿಗೂ ಒಂದು ಮಾತು. ಕೇಳುವವರು ಇರುವುದರಿಂದಲೇ ಮಾರುವವರು ಇರುವುದು. ಬುಕಿಂಗ್ ಮಾಡುವಾಗ "ಜಾರವಾ ಕಾಣ್ತಾರಾ?" ಎಂದು ದಯವಿಟ್ಟು ಕೇಳಬೇಡಿ. ಯಾರಾದರೂ ತೋರಿಸುತ್ತೇವೆ ಅಂದರೆ ಆ ಪ್ಯಾಕೇಜ್ ಬೇಡ ಅನ್ನಿ. ಮುಂಗಡ ಕೊಡುವ ಮುಂಚೆ ಹೇಳಿದರೆ ಮಾತಿಗೆ ತೂಕ ಜಾಸ್ತಿ.

ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು ಈ ಪತ್ರ ಓದಿದರೆ, ಅಂಡಮಾನಿಗೆ ತಂಡ ಕರೆದೊಯ್ಯುವವರಿಗೆಲ್ಲ ಅಲ್ಲಿನ ಈ ನಿಯಮಗಳನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಕಳಿಸಿಕೊಡಬೇಕು ಎಂದು ಕೋರುತ್ತೇನೆ. ಕರಡು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಹೊರಡುವ ಮುಂಚೆ ನೀವು ಪ್ರಯಾಣಿಕರನ್ನೆಲ್ಲ ಕರೆದು ಚಪ್ಪಲಿ ಎಂಥದ್ದು ತರಬೇಕು, ಮಾತ್ರೆ ಯಾವುದು ಇಟ್ಟುಕೊಳ್ಳಬೇಕು ಎಂದು ಒಂದು ಮೀಟಿಂಗ್ ಮಾಡುತ್ತೀರಲ್ಲ, ಅದರಲ್ಲಿ ಅರ್ಧ ಗಂಟೆ ನನಗೆ ಕೊಟ್ಟರೂ ಸಾಕು. ಬಂದು ಹೇಳುತ್ತೇನೆ. ಫೀಸು ಬೇಡ, ಕಾಫಿ ಇರಲಿ. ನಾನು ಹೇಳಿದ್ದು ಒಪ್ಪಿಗೆ ಇಲ್ಲದವರು ಯಾಕೆ ಎಂದು ಹೀಗೇ ಬಹಿರಂಗವಾಗಿ ಬರೆಯಿರಿ. ದಸರಾ ರಜೆಯ ಕರಪತ್ರ ಅಚ್ಚಿಗೆ ಹೋಗುವುದರೊಳಗೆ ಆದರೆ ಒಳ್ಳೆಯದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು
ತುಮಕೂರು